ಮೊದಲ ತುತ್ತು

ಅವರೆಕಾಯಿಗೆ ಸೊಗಡು ಹತ್ತುವ ಕಾಲ. ತಮಿಳು ಸೀಮೆಗೆ ಸೇರಿದ ತಳಿ ಪೇಟೆಯ ಕಡೆಯ ಹಳ್ಳಿಗಳಲ್ಲಿ ಹೊತ್ತು ಮೇಲೇರಿದರೂ ಮಂಜು ಕೋಸಿನ ತೋಟಗಳನ್ನು ಬಿಟ್ಟೇಳುತ್ತಿರಲಿಲ್ಲ. ಅಂಥ ಒಂದು ದಿನ ಮಧ್ಯಾಹ್ನ ರಾಮಚಂದ್ರಪ್ಪನವರ ಹೆಂಡತಿ ವರಲಕ್ಷ್ಮಮ್ಮ ರಾಗಿಹಿಟ್ಟಿನ ಮುದ್ದೆ ಮುರಿದು, ಕಾಳಿನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡವರು ಹಾಗೆಯೇ ಅಂಗೈಗೆ ಉಗುಳಿದರು.

“ಏನಾಕಿದ್ದೀಯಮ್ಮ ಇದ್ರಾಗೆ?”

ಒಲೆಯ ಮುಂದಿದ್ದ ಸೊಸೆ ಮಂಗಳಾ ತಿರುಗಿ ನೋಡಿದಳು. “ಯಾಕತ್ತೆ, ಖಾರ ಜಾಸ್ತಿ ಆಯ್ತಾ?”

“ಖಾರ ಯಾವ್ದು ಅಂತ ನಂಗೊತ್ತಿಲ್ವಾ? ಇದು ಖಾರ ಅಲ್ಲ. ಸುಣ್ಣ ತಿಂದಂಗೆ ನಾಲ್ಗೆ ಉರೀತದೆ.”

ರಾಮಚಂದ್ರಪ್ಪ ತಮ್ಮ ತಟ್ಟೆಯ ಸಾರನ್ನು ಇನ್ನೊಮ್ಮೆ ಸುರ್ರನೆ ಹೀರಿ ನೋಡಿದರು. “ಚೆನ್ನಾಗೇ ಐತಲ್ಲೇ.”

“ನಿಮ್ ತಟ್ಟೇದು ಚೆನ್ನಾಗೇ ಇರ್ತದೆ. ನಿಮ್ಗ್ಯಾಕೆ ಹಾಕ್ತಾಳೆ?”

ಮಂಗಳಾ ನಗಲು ನೋಡಿದಳು. ಅತ್ತೆಯ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

ತವರಾದ ಸೂಳಗಿರಿಯಿಂದ ಬಂದು ಅವಳು ಈ ಮನೆ ತುಂಬಿ ಏಳು ವರ್ಷವಾಗಿತ್ತು. ಅತ್ತೆಯ ಬೈಗುಳ ಅವಳಿಗೆ ಹೊಸದಲ್ಲ, ಆದರೆ ಆ ಬೈಗುಳದಲ್ಲಿ ಇದುವರೆಗೆ ವಿಷವಿರಲಿಲ್ಲ. ಎರಡು ಸಲ ಬಸಿರು ಇಳಿದುಹೋದಾಗ ತವರಿನವರಿಗಿಂತ ಹೆಚ್ಚು ಅತ್ತವರು ವರಲಕ್ಷ್ಮಮ್ಮ. ಮೂರನೆಯದು ನಿಂತಾಗ ಅವಳಿಗೆ ಒಂದು ಬಿಂದಿಗೆ ನೀರೆತ್ತಲೂ ಬಿಡದೆ, ಬಾಣಂತನವನ್ನು ಐದು ತಿಂಗಳು ಎಳೆದು, ಹುಟ್ಟಿದ ಹೆಣ್ಣುಮಗುವಿಗೆ ಪದ್ಮಶ್ರೀ ಎಂದು ಹೆಸರಿಟ್ಟವರೂ ಅವರೇ. ಮಗುವಿಗೆ ಈಗ ನಾಲ್ಕು ತುಂಬಿತ್ತು.

ಮನೆ ತಿರುಪತಿ ವೆಂಕಟರಮಣನ ಒಕ್ಕಲು. ಮಾಂಸ, ಮೊಟ್ಟೆ ಆ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಹಟ್ಟಿಯಲ್ಲಿ ಎರಡು ಸೀಮೆಹಸುಗಳಿದ್ದವು. ಹೊತ್ತಿಗೆ ಸರಿಯಾಗಿ ಕರೆದು ಡೇರಿಗೆ ಹಾಲು ಕಳಿಸುವ ವರಲಕ್ಷ್ಮಮ್ಮ ತಾವು ಮಾತ್ರ ಬೆಲ್ಲದ ಬರಿ ಕಾಪಿ ಕುಡಿದು ಏಳುತ್ತಿದ್ದರು. ಊಟದ ಕೊನೆಗೆ ಮಂಗಳಾ ಮೊಸರಿನ ಪಾತ್ರೆ ಬಗ್ಗಿಸಿದರೆ ಅಂಗೈ ಅಡ್ಡ ಹಿಡಿದು, “ನಂಗ್ ಕಫ ಕಟ್ತದೆ, ಅವ್ರಿಗೆ ಇಕ್ಕು” ಎನ್ನುತ್ತಿದ್ದರು. ಹೀಗೆ ಎಷ್ಟು ವರ್ಷವಾಯಿತೆಂದು ಎಣಿಸಿದವರು ಯಾರೂ ಇರಲಿಲ್ಲ.

ಉರಿ ಮೊದಲ ದಿನಕ್ಕೆ ನಿಲ್ಲಲಿಲ್ಲ. ಸೊಪ್ಪಿನ ಸಾರು ಉರಿಯಿತು, ತಿಳಿಸಾರು ಉರಿಯಿತು, ಕೊನೆಗೆ ಬರಿ ಅನ್ನವೂ ಉರಿಯಿತು. ಒಂದು ದಿನ ಕೋಸಿನ ಸಾಲಿನಲ್ಲಿ ವರಲಕ್ಷ್ಮಮ್ಮನ ಎಡಗಾಲಿನ ಚಪ್ಪಲಿ ಕಳಚಿ ಬಿದ್ದರೂ ಅವರಿಗೆ ತಿಳಿಯಲಿಲ್ಲ. ಬರಿಗಾಲಲ್ಲೇ ಮನೆಗೆ ಬಂದವರ ಅಂಗಾಲಿನಲ್ಲಿ ಜಾಲಿಮುಳ್ಳು ನಾಟಿತ್ತು.

“ಅತ್ತೆ, ಮುಳ್ಳು! ರಕ್ತ ಬತ್ತಾ ಐತೆ.”

ವರಲಕ್ಷ್ಮಮ್ಮ ಬಗ್ಗಿ ತಮ್ಮ ಕಾಲನ್ನು ಬೇರೆಯವರ ಕಾಲೆಂಬಂತೆ ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು. “ನಂಗೇ ಗೊತ್ತಾಗಿಲ್ಲ, ನಿಂಗೆಂಗೆ ಗೊತ್ತಾಯ್ತು? ಮಾಟ ಮಾಡ್ಸಿ ಕಟ್ಟು ಹಾಕ್ಸಿದ್ದೀಯ ನೀನು. ನನ್ ಕಾಲು ಕಟ್ಟಿದ್ದೀಯ.”

ಮುಂದಿನ ವಾರ ಹಟ್ಟಿಯ ಸರದಿ. ಬೆರಳಿಗೆ ಹಿಡಿತ ಸಿಕ್ಕದೆ ಅವರು ಕೆಚ್ಚಲನ್ನು ಹೇಗೆಂದರೆ ಹಾಗೆ ಎಳೆದರು. ಹಸು ಬಕೀಟನ್ನು ಒದ್ದು ಹಾಲು ಚೆಲ್ಲಿತು. “ಹಸೂಗೂ ಮದ್ದು ತಿನ್ಸವ್ಳೆ! ಹತ್ತು ವರ್ಷ ನನ್ ಕೈಗೆ ಹಾಲು ಕೊಟ್ಟ ಹಸ ಒದೀತದಾ?” ಎಂದು ಅವರು ಬೀದಿಗೆ ಕೇಳುವಂತೆ ಕೂಗಿದರು. ಹಾಲು ಹಾಕಲು ಹೊರಟಿದ್ದ ನಾಲ್ಕಾರು ಮಂದಿ ನಿಂತು ಕೇಳಿಸಿಕೊಂಡು ಹೋದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು, ರಾಮಚಂದ್ರಪ್ಪನ ಸೊಸೆ ಅತ್ತೆಗೆ ಮದ್ದು ಹಾಕುತ್ತಿದ್ದಾಳೆಂದು.

ಮಂಗಳಾಳ ಗಂಡ ಶ್ರೀನಿವಾಸ್ ಹೊಸೂರಿನ ಕಂಪನಿಯೊಂದರಲ್ಲಿ ಬೈಕಿನ ಬಿಡಿಭಾಗ ಒತ್ತುವ ಯಂತ್ರದ ಮುಂದೆ ನಿಲ್ಲುವವನು. ಶಿಫ್ಟು ಮುಗಿಸಿ ಬಂದವನಿಗೆ ತಟ್ಟೆಯ ಮುಂದೆ ಕೂತೊಡನೆ ಎರಡು ಕಡೆಯ ದೂರೂ ಬೀಳುತ್ತಿತ್ತು.

“ನೀವಾದ್ರೂ ಹೇಳ್ಬಾರ್ದಾ?” ಎಂದಳು ಮಂಗಳಾ.

“ಏನಂತ ಹೇಳ್ಲಿ? ವಯಸ್ಸಾದೋರು. ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

“ಐವತ್ನಾಲ್ಕು ಒಂದ್ ವಯಸ್ಸಾ? ನಿಮ್ ಸೂಪರ್‌ವೈಜರ್‌ಗೆ ಐವತ್ತಾರು ಅಂತೀರಿ.”

“ಅವ್ರು ನನ್ ಮೇಲೆ ಕೂಗಾಡ್ತಾರೆ, ಇವ್ರು ನಿನ್ ಮೇಲೆ ಕೂಗಾಡ್ತಾರೆ. ಇಬ್ರಿಗೂ ಸಮ ಆಯ್ತು, ಬುಡು” ಎಂದು ಶ್ರೀನಿವಾಸ್ ಕೈ ತೊಳೆದ. ಆ ಹಾಸ್ಯಕ್ಕೆ ಅವನೇ ನಗಲಿಲ್ಲ.

ಆಗ ಬಾಗಲೂರಿನಿಂದ ಆದಿಲಕ್ಷ್ಮಮ್ಮ ಬಂದರು. ರಾಮಚಂದ್ರಪ್ಪನವರ ಅಕ್ಕ, ನಾಲ್ಕು ಮನೆಯ ಪಂಚಾಯ್ತಿ ಬಿಡಿಸಿದ ಹೆಂಗಸು. ತಮ್ಮನ ಹೆಂಡತಿಯ ಕೈಹಿಡಿದು ಕೇಳಿಸಿಕೊಂಡರು, ನಿಂಬೆಹಣ್ಣು ನಿವಾಳಿಸಿ ಬೀದಿಗೆಸೆದರು, ಆಮೇಲೆ ನಡುಮನೆಯಲ್ಲಿ ಕೂತು ತೀರ್ಪು ಹೇಳಿದರು.

“ಇನ್ಮೇಲೆ ಸೊಸೆ ಕೈಯಿಂದ ಬಂದ ತಟ್ಟೆ ಯಾವ್ದೇ ಆಗ್ಲಿ, ಮೊದಲ್ನೇ ತುತ್ತು ಅವ್ಳೇ ತಿನ್ಲಿ. ವರಲಕ್ಷ್ಮಿ ಕಣ್ಮುಂದೆ. ತಪ್ಪು ಇದ್ರೆ ಹೊರಗ್ ಬತ್ತದೆ, ಇಲ್ದಿದ್ರೆ ಅನುಮಾನ ಕಳೀತದೆ.”

ಮಂಗಳಾ ಬಾಗಿಲ ಮರೆಯಿಂದ ಮುಂದೆ ಬಂದಳು. “ದೊಡ್ಡತ್ತೆ, ನಾನೇನು ಕಳ್ಳಿನಾ?”

“ಕಳ್ಳಿ ಅಂತ ಯಾರಂದ್ರಮ್ಮ? ಕಳ್ಳಿ ಅಲ್ಲ ಅಂತ ತೋರ್ಸು ಅಂದಿದ್ದು.”

ಅವಳು ಮಾವನ ಕಡೆ ನೋಡಿದಳು. ಅವರು ಹೊಗೆಸೊಪ್ಪು ತಿಕ್ಕುತ್ತಿದ್ದರು. ಗಂಡನ ಕಡೆ ನೋಡಿದಳು. “ಒಂದ್ ತುತ್ತು ತಾನೆ, ಮಂಗಳಾ” ಎಂದ ಅವನು. “ತಿಂದ್ಬುಟ್ರೆ ಗಲಾಟೆನೇ ಇರಲ್ಲ.”

ಅಂದಿನಿಂದ ದಿನಕ್ಕೆ ಎರಡು ಹೊತ್ತು ಆ ಮನೆಯಲ್ಲಿ ಹೊಸ ಕಟ್ಟಳೆ ನಡೆಯಿತು. ಮಂಗಳಾ ತಟ್ಟೆ ಇಡುವಳು, ಪಕ್ಕದಲ್ಲಿ ಮಂಡಿಯೂರುವಳು, ಹಿಟ್ಟಿನ ಅಂಚು ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವಳು. ಮೂರು ದಿನ ವರಲಕ್ಷ್ಮಮ್ಮ ಸುಮ್ಮನಿದ್ದರು. ನಾಲ್ಕನೆಯ ದಿನ, “ಬಾಯಿ ತೆಗಿ” ಎಂದರು. “ದವಡೇಲಿ ಇಟ್ಕಂಡು ಆಮೇಲೆ ಉಗುಳ್ತೀಯ. ತೆಗಿ, ನೋಡ್ತೀನಿ.”

ಮಂಗಳಾ ಬಾಯಿ ತೆರೆದಳು.

ಎರಡು ದಿನ ಕಳೆದು ಅವಳು ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಮಗು ಬಟ್ಟೆಯ ಗೊಂಬೆಗೆ ಮಣ್ಣಿನ ಹಿಟ್ಟು ಉಣಿಸುತ್ತಿತ್ತು. “ಮೊದ್ಲು ನೀನ್ ತಿನ್ನು. ಬಾಯ್ ತೆಗಿ. ಉಗುಳ್ಬುಟ್ಯಾ?” ಎಂದು ಗೊಂಬೆಯ ಗಲ್ಲ ಹಿಡಿದು ಗದರಿಸುತ್ತಿತ್ತು. ಮಂಗಳಾ ಹಿಂಡಿದ ಸೀರೆಯನ್ನು ಹಾಗೆಯೇ ಬಕೀಟಿಗೆ ಬಿಟ್ಟು ಕಲ್ಲಿನ ಮೇಲೆ ಕೂತಳು.

ಆದರೂ ಅನುಮಾನ ಕಳೆಯಲಿಲ್ಲ, ಮಗುವಿನ ಕಡೆಗೆ ಹರಿಯಿತು. “ಅವ್ಳ ಕೈಯಿಂದ ತಿನ್ಬ್ಯಾಡ ಕಂದಾ” ಎಂದು ವರಲಕ್ಷ್ಮಮ್ಮ ಪದ್ಮಶ್ರೀಯನ್ನು ತಬ್ಬಿಕೊಂಡು ಬಾಗಿಲ ಅಗುಳಿ ಹಾಕಿಕೊಂಡರು. ಮಗು ಒಳಗಿನಿಂದ ಅಮ್ಮಾ ಎಂದು ಅತ್ತಿತು, ಅಮ್ಮ ಹೊರಗಿನಿಂದ ಬಾಗಿಲು ಬಡಿದಳು. ಸಂಕ್ರಾಂತಿ ಕಳೆದ ಮೇಲೆ ಮಗು ಬಾಗಲೂರಿನಲ್ಲಿರಲಿ, ಮಂಗಳಾ ಸ್ವಲ್ಪ ಕಾಲ ಸೂಳಗಿರಿಯಲ್ಲಿರಲಿ ಎಂದು ಆದಿಲಕ್ಷ್ಮಮ್ಮ ಫೋನಿನಲ್ಲೇ ಗೊತ್ತುಮಾಡಿದರು.

“ಸ್ವಲ್ಪ ಕಾಲ ಅಂದ್ರೆ ಎಷ್ಟು?” ಎಂದು ಮಂಗಳಾ ಗಂಡನನ್ನು ಕೇಳಿದಳು.

“ಅಮ್ಮ ಸರಿ ಹೋಗೋಗಂಟ.”

“ಸರಿ ಹೋಗ್ದಿದ್ರೆ?”

ಶ್ರೀನಿವಾಸ್ ಮರುದಿನ ರಜೆ ಹಾಕಿ, ತಂದೆಯ ಜೊತೆ ತಾಯಿಯನ್ನು ಹೊಸೂರಿಗೆ ಕರೆದುಕೊಂಡು ಹೋದ. ಯಾರ ಮೇಲೆ ಗುಮಾನಿಯೋ ಅವಳನ್ನೇ ಜೊತೆಗೆ ಕರೆದೊಯ್ಯುವುದು ಹೇಗೆಂದು ಮಂಗಳಾಳನ್ನು ಬಿಟ್ಟುಹೋದರು.

ಆಸ್ಪತ್ರೆಯಲ್ಲಿ ಡಾಕ್ಟರು ಕಲ್ಪನಾ ಎಂಬ ಹೆಂಗಸು. ಅಪ್ಪ ಮಗ ಇಬ್ಬರೂ ಸೇರಿ ಅನುಮಾನದ ಕಥೆಯನ್ನೇ ಅರ್ಧಗಂಟೆ ಹೇಳಿದರು. ನಾಲಿಗೆ ಉರಿಯುವುದೂ, ಕಾಲಿಗೆ ಮುಳ್ಳು ತಿಳಿಯದ್ದೂ ಅವರಿಗೆ ಹುಚ್ಚಿನ ಮಾತಾಗಿಯೇ ಕಂಡಿದ್ದರಿಂದ ಅದನ್ನು ರೋಗವೆಂದು ಹೇಳಲಿಲ್ಲ. ಊಟ ಹೇಗೆ, ಹಾಲು ಮೊಸರು ತೆಗೆದುಕೊಳ್ಳುತ್ತಾರಾ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದರು. ವರಲಕ್ಷ್ಮಮ್ಮ ನೆಲ ನೋಡಿದರು. ರಾಮಚಂದ್ರಪ್ಪ ಎದೆಯುಬ್ಬಿಸಿ, “ವೀಟ್ಟುಲ ರೆಂಡು ಮಾಡು ಇರುಕ್ಕು ಮೇಡಂ” ಎಂದರು. ಮನೆಯಲ್ಲಿ ಎರಡು ಹಸುಗಳಿರುವಾಗ ಹಾಲಿಗೇನು ಕೊರತೆ? ಡಾಕ್ಟರು ಚೀಟಿಯಲ್ಲಿ ಹಾಗೆಯೇ ಬರೆದುಕೊಂಡು, ಅನುಮಾನ ಇಳಿಸುವ ಮಾತ್ರೆ ಕೊಟ್ಟು, ಎರಡು ವಾರ ಬಿಟ್ಟು ಬರಹೇಳಿದರು.

ಮಾತ್ರೆ ಅನುಮಾನವನ್ನು ಇಳಿಸಲಿಲ್ಲ, ಅದರ ದನಿಯನ್ನಷ್ಟೇ ಇಳಿಸಿತು. ವರಲಕ್ಷ್ಮಮ್ಮ ಹಗಲೆಲ್ಲ ಗೋಡೆಗೊರಗಿ ತೂಕಡಿಸುವರು. ಎದ್ದರೆ ಕುಡಿದವರಂತೆ ಕಾಲಗಲಿಸಿ, ಗೋಡೆ ಹಿಡಿದು ನಡೆಯುವರು. ಹಿಟ್ಟು ಮುಂದೆ ಬಂದರೆ ಮಾತ್ರ ಕಣ್ಣು ತೆರೆದು, ತೊದಲು ನಾಲಿಗೆಯಲ್ಲೇ, “ಬಾಯ್ ತೆಗಿ” ಎನ್ನುವರು.

ಸಂಕ್ರಾಂತಿಗೆ ಆರು ದಿನವಿರುವಾಗ ವನಿತಾ ಬಂದಳು. ಮನೆ ಮನೆಗೂ ತಿರುಗಿ ಬಿಪಿ, ಶುಗರ್ ನೋಡಿ ಬರೆದುಕೊಳ್ಳುವ ಸರ್ಕಾರದ ಕೆಲಸ ಅವಳದು. ಪಟ್ಟಿ ಸುತ್ತಲು ವರಲಕ್ಷ್ಮಮ್ಮನ ತೋಳು ಹಿಡಿದವಳು ಅಂಗೈಯನ್ನು ಬೆಳಕಿಗೆ ತಿರುಗಿಸಿದಳು, ಕಣ್ಣಿನ ಕೆಳರೆಪ್ಪೆ ಎಳೆದಳು.

“ಏನಕ್ಕಾ, ಇವ್ರ ಮೈಯಾಗೆ ರಕ್ತನೇ ಇಲ್ಲ, ಸುಣ್ಣದ ಗೋಡೆ ಇದ್ದಂಗವ್ರೆ. ಅಮ್ಮಾ, ನಾಲ್ಗೆ ನೀಟಿ.”

ವರಲಕ್ಷ್ಮಮ್ಮ ನಾಲಿಗೆ ಚಾಚಿದರು. ಸಾಣೆ ಹಿಡಿದಂತೆ ನುಣ್ಣಗೆ, ಹಸಿ ಗಾಯದಂತೆ ಕೆಂಪಗಿತ್ತು. ಬಾಯಿ ತೆರೆದು ತೋರಿಸುವ ಸರದಿ ಇಷ್ಟು ದಿನ ತನ್ನದಾಗಿದ್ದರಿಂದ ಅತ್ತೆಯ ಬಾಯೊಳಗೆ ಏನಿದೆಯೆಂದು ತಾನು ಒಮ್ಮೆಯೂ ನೋಡಿರಲಿಲ್ಲವೆಂಬುದು ಮಂಗಳಾಳಿಗೆ ಆಗ ಹೊಳೆಯಿತು.

“ಎದ್ದು ನಿಂತ್ಕೊಂಡು ಕಣ್ ಮುಚ್ಚಿ” ಎಂದಳು ವನಿತಾ. ಕಣ್ಣು ಮುಚ್ಚಿದ್ದೇ ತಡ, ವರಲಕ್ಷ್ಮಮ್ಮ ಕಡಿದ ಬಾಳೆಯಂತೆ ವಾಲಿ ಸೊಸೆಯ ಮೈಮೇಲೆ ಬಿದ್ದರು.

“ಇದು ಬರೀ ಮನಸ್ಸಿಂದು ಅಲ್ಲಕ್ಕಾ” ಎಂದಳು ವನಿತಾ. “ಡಾಕ್ಟರ್ ಹತ್ರ ಯಾರೋದ್ರು?”

“ಮಾವ, ನಮ್ಮನೆಯವ್ರು.”

“ಮನೇಲಿ ಅನ್ನ ಇಕ್ಕೋರು ಯಾರು?”

“ನಾನು.”

“ಹಂಗಾದ್ರೆ ನೀನೋಗು. ಏನ್ ತಿಂತಾರೆ, ಏನ್ ಬಿಡ್ತಾರೆ ಅಂತ ಇಕ್ಕೋರ್ಗೆ ಗೊತ್ತಿರ್ತದೆ, ಉಣ್ಣೋ ಗಂಡಸ್ರಿಗಲ್ಲ.”

ರಾಮಚಂದ್ರಪ್ಪ ಒಪ್ಪಲಿಲ್ಲ. “ಇವ್ಳು ಜೊತೇಗಿದ್ರೆ ಅವ್ಳು ಬಸ್ಸತ್ತಲ್ಲ.”

“ಮಾವ, ಸಂಕ್ರಾಂತಿ ಕಳುದ್ರೆ ಹೆಂಗೂ ನನ್ನ ಕಳುಸ್ತೀರ” ಎಂದಳು ಮಂಗಳಾ. ಏಳು ವರ್ಷದಲ್ಲಿ ಅವಳು ಮಾವನಿಗೆ ಎದುರು ನಿಂತು ಆಡಿದ ಮೊದಲ ಮಾತು ಅದು. “ಅದಕ್ಕೆ ಮುಂಚೆ ಒಂದ್ಸಲ ಕರ್ಕೊಂಡೋಗ್ತೀನಿ. ನನ್ ಮಗೂನ ಬಿಟ್ಟೋಗೋಳು ನಾನು, ಇಷ್ಟಾದ್ರೂ ಕೇಳ್ಬಾರ್ದಾ?”

ಮರುದಿನ ಶ್ರೀನಿವಾಸ್ ಸೇರಿ ನಾಲ್ವರೂ ಬಸ್ಸು ಹತ್ತಿದರು. ಡಾಕ್ಟರು ಹಳೆಯ ಚೀಟಿ ತೆಗೆದು ಮುಂದಿಟ್ಟುಕೊಂಡರು. ಮಂಗಳಾ ನಾಲಿಗೆಯ ಉರಿ ಹೇಳಿದಳು, ಚಪ್ಪಲಿ ಕಳಚಿದ್ದು ಹೇಳಿದಳು, ಕೈಯ ಹಿಡಿತ ತಪ್ಪಿದ್ದು ಹೇಳಿದಳು. ಕೇಳುತ್ತ ಕೇಳುತ್ತ ಡಾಕ್ಟರು ಪೆನ್ನು ಕೆಳಗಿಟ್ಟರು. “ಹಾಲು, ಮೊಸರು ಚೆನ್ನಾಗಿ ತಗೋತಾರೆ ಅಂತ ಬರೆದಿದೆ.”

“ಇಲ್ಲ ಮೇಡಂ. ಒಂದ್ ತೊಟ್ಟೂ ಮುಟ್ಟಲ್ಲ. ನಾನು ಬಸ್ರಿ ಆಗಿದ್ದಾಗಿಂದ...”

ವರಲಕ್ಷ್ಮಮ್ಮ ತಟ್ಟನೆ ಅವಳ ಮಣಿಕಟ್ಟು ಹಿಡಿದರು. ತೂಕಡಿಕೆಯೆಲ್ಲ ಎಲ್ಲಿಗೋ ಹೋಗಿತ್ತು. “ಹೇಳ್ಬ್ಯಾಡ್ವೇ! ಹೇಳುದ್ರೆ ಮಗೂಗೆ ಆಗ್ತದೆ.”

“ಯಾವ ಮಗೂಗತ್ತೆ?”

“ನಿನ್ ಮಗೂಗೆ.”

ಆಮೇಲೆ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಒಂದೊಂದಾಗಿ ಕೇಳಿದರು, ವರಲಕ್ಷ್ಮಮ್ಮ ಮುರಿದು ಮುರಿದು ಹೇಳಿದರು. ಎರಡು ಬಸಿರು ಕಳೆದು ಮೂರನೆಯದು ನಿಂತಾಗ ಅವರು ಒಬ್ಬರೇ ವೆಂಕಟರಮಣನ ಬೆಟ್ಟಕ್ಕೆ ಹೋಗಿ ದೇವರ ಮುಂದೆ ಕೈಯೊಡ್ಡಿದ್ದರು. ಇದೊಂದು ಉಳಿಯಲಿ, ನಾನು ಹಾಲು, ಮೊಸರು, ಮಜ್ಜಿಗೆ, ತುಪ್ಪ ಬಿಟ್ಟೆ. ಹೊತ್ತ ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆಂಬುದು ಆ ಕಡೆಯ ನಂಬಿಕೆ. ಅದಕ್ಕೇ ಕಫದ ನೆಪ. ದಿನಕ್ಕೆ ಎರಡು ಹೊತ್ತು ನೊರೆಹಾಲು ಕರೆದು, ಕೈ ತೊಳೆದು, ಬರಿ ಕಾಪಿ ಕುಡಿದು ಐದು ವರ್ಷ ಕಳೆದಿದ್ದರು.

ಶ್ರೀನಿವಾಸ್ ಎದ್ದು ಕಿಟಕಿಯ ಹತ್ತಿರ ಹೋದ. ಮಂಗಳಾಳ ಮಣಿಕಟ್ಟನ್ನು ಅತ್ತೆ ಇನ್ನೂ ಬಿಟ್ಟಿರಲಿಲ್ಲ.

ರಕ್ತ ತೆಗೆದರು. ನಾಲ್ಕು ದಿನಕ್ಕೆ ಕಾಗದ ಬಂತು. ಡಾಕ್ಟರು ತಮಗೆ ಬರುವ ಕನ್ನಡದಲ್ಲಿ ಬಿಡಿಸಿ ಹೇಳಿದರು. “ಬಿ-12 ಅಂತ ಒಂದು ಸತ್ವ. ಹಾಲು, ಮೊಟ್ಟೆ, ಮಾಂಸದಿಂದ ಬರಬೇಕು. ಇವರಲ್ಲಿ ತಳ ಕಂಡಿದೆ. ನಾಲಿಗೆ ಉರಿ ಅದರಿಂದ, ಕಾಲು ಜೋಮು ಅದರಿಂದ, ಅನುಮಾನ ಕೂಡ ಅದರಿಂದಲೇ.”

“ಅನುಮಾನ್ವೂವಾ?” ಎಂದರು ರಾಮಚಂದ್ರಪ್ಪ. “ಹಾಲಿಲ್ದಿದ್ರೆ ಸೊಸೆ ಮೇಲೆ ಅನುಮಾನ ಬತ್ತದಾ ಮೇಡಂ?”

ಡಾಕ್ಟರು ನಗಲಿಲ್ಲ. “ನರ ಒಣಗಿದರೆ ಕಾಲಿಗೂ ತಪ್ಪು ಸುದ್ದಿ, ತಲೆಗೂ ತಪ್ಪು ಸುದ್ದಿ. ಉರಿ ನಿಜವಾಗಿಯೂ ಇತ್ತು ಅವರಿಗೆ. ಯಾಕೆ ಅಂತ ಗೊತ್ತಾಗಲಿಲ್ಲ. ತಟ್ಟೆ ಇಟ್ಟವರು ಕಣ್ಣಿಗೆ ಬಿದ್ದರು.” ಆಮೇಲೆ ಹಳೆಯ ಚೀಟಿಯನ್ನು ಒಮ್ಮೆ ನೋಡಿ, “ನಾನೂ ತಟ್ಟೆ ಇಟ್ಟವರನ್ನೇ ಕೇಳಬೇಕಿತ್ತು” ಎಂದರು.

ಸಂಕ್ರಾಂತಿ ಬಂತು, ಹೋಯಿತು. ಬಾಗಲೂರಿಗೆ ಯಾರೂ ಹೋಗಲಿಲ್ಲ, ಸೂಳಗಿರಿಗೂ ಹೋಗಲಿಲ್ಲ. ದಿನ ಬಿಟ್ಟು ದಿನ ಸೂಜಿ, ಆಮೇಲೆ ವಾರಕ್ಕೊಂದು. ವರಲಕ್ಷ್ಮಮ್ಮನ ಮುಖಕ್ಕೆ ಮೊದಲು ಬಣ್ಣ ಬಂತು, ಆಮೇಲೆ ರುಚಿ ಬಂತು. ಉರಿ ಹೋದ ಹಾಗೆ ಅನುಮಾನವೂ ಹೇಳದೆ ಕೇಳದೆ ಮನೆ ಬಿಟ್ಟಿತು, “ಬಾಯ್ ತೆಗಿ” ಎನ್ನುವ ಮಾತೂ ನಿಂತಿತು. ಮಾಘ ಮುಗಿಯುವ ಹೊತ್ತಿಗೆ ಅವರು ಮೊಮ್ಮಗಳನ್ನು ಕರೆದು, “ಹೋಗು ಕಂದಾ, ಅಮ್ಮ ಉಣ್ಣಿಸ್ತಾಳೆ” ಎಂದು ತಾವೇ ಕಳಿಸುವಂತಾದರು.

ಕಾಲು ಮಾತ್ರ ಪೂರ್ತಿ ಬರಲಿಲ್ಲ. ತಡವಾಯಿತು, ಬಂದಷ್ಟು ಬಂತೆಂದರು ಡಾಕ್ಟರು. ವರಲಕ್ಷ್ಮಮ್ಮ ಕೋಲೂರಿ ಹಟ್ಟಿಯ ಬಾಗಿಲವರೆಗೆ ಬಂದು ನಿಲ್ಲುವರು. ಒಳಗೆ ರಾಮಚಂದ್ರಪ್ಪ ಬಕೀಟನ್ನು ಮಂಡಿಯ ನಡುವೆ ಇಟ್ಟುಕೊಂಡು ಹಸುವನ್ನೂ ತಮ್ಮ ಬೆರಳನ್ನೂ ಬೈಯುತ್ತ ಹಾಲು ಕರೆಯುವರು.

“ಹಾಲು ಕುಡೀರತ್ತೆ, ಡಾಕ್ಟರು ಹೇಳವ್ರೆ. ಹರಕೆ ಸಾಕು” ಎಂದು ಮಂಗಳಾ ಒಮ್ಮೆ ಕೇಳಿಕೊಂಡಳು.

“ಮಗು ಮೈನೆರೆಯೋಗಂಟ ಅಂತ ಹೇಳ್ಕಂಡಿದ್ದೀನಿ. ಬಾಯಿಬಿಟ್ಟಿದ್ದೇ ತಪ್ಪಾಗೈತೆ. ಡಾಕ್ಟರಮ್ಮ ಹೇಳ್ಸುದ್ರು, ನಾನಾಗಿ ಹೇಳ್ಲಿಲ್ಲ ಅಂತ ದೇವ್ರಿಗ್ ಗೊತ್ತು. ಅಲ್ಲೀಗಂಟ ಸೂಜಿನೇ ಚುಚ್ಚಿಸ್ಕೋತೀನಿ, ಬುಡು.”

ಆದಿಲಕ್ಷ್ಮಮ್ಮ ಫೋನು ಮಾಡಿ, “ಎಲ್ಲಾ ಒಳ್ಳೇದಾಯ್ತಲ್ಲ, ನಂಗದೇ ಬೇಕಾಗಿದ್ದು” ಎಂದರು. ಶ್ರೀನಿವಾಸ್ ಒಂದು ಸಂಜೆ ತಳಿಯ ಪೇಟೆಯಿಂದ ಒಂದು ಮೊಳ ಮಲ್ಲಿಗೆ ತಂದು ಏನೂ ಹೇಳದೆ ದೇವರ ಗೂಡಿನ ಮುಂದೆ ಇಟ್ಟ. ಮಂಗಳಾ ಅದನ್ನು ದೇವರಿಗೇ ಮುಡಿಸಿದಳು. ಡೇರಿಯ ಮುಂದೆ ಹೆಂಗಸರು ಈಗಲೂ ಅವಳನ್ನು ಕಂಡರೆ ಮಾತು ತಿರುಗಿಸುತ್ತಿದ್ದರು. ರಕ್ತ ಪರೀಕ್ಷೆಯ ಕಾಗದವನ್ನು ಮನೆ ಮನೆಗೆ ಒಯ್ದು ತೋರಿಸಲು ಆಗುತ್ತದೆಯೇ?

ಶಿವರಾತ್ರಿ ಕಳೆದ ಮಾರನೆಯ ಮಧ್ಯಾಹ್ನ. ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ವರಲಕ್ಷ್ಮಮ್ಮ ಗೋಡೆಗೊರಗಿ ಮರಗಟ್ಟಿದ ಕಾಲನ್ನು ಚಾಚಿ ಕೂತಿದ್ದರು, ತೊಡೆಯ ಮೇಲೆ ಮಗು. ಮಂಗಳಾ ತಟ್ಟೆ ಇಟ್ಟಳು. ಪಕ್ಕದಲ್ಲಿ ಮಂಡಿಯೂರಿದಳು. ಹಿಟ್ಟಿನ ಅಂಚು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು.

ವರಲಕ್ಷ್ಮಮ್ಮ ಬೆರಗಿನಿಂದ ನೋಡಿದರು. “ಇದೇನಮ್ಮ, ನನ್ ತಟ್ಟೇಲಿ ತಿಂತಾ ಇದ್ದೀಯ? ಅಷ್ಟೊಂದು ಹಸಿವಾ?”

ಮಂಗಳಾ ಅತ್ತೆಯ ಕಣ್ಣನ್ನೇ ನೋಡಿದಳು. ಅಲ್ಲಿ ಹಂಗಿಸುವ ಸುಳಿವಿರಲಿಲ್ಲ, ನೆನಪಿನ ಸುಳಿವೂ ಇರಲಿಲ್ಲ. ಆ ಮೊದಲ ತುತ್ತುಗಳೆಲ್ಲ ಆ ತಲೆಯಿಂದ ಕೋಸಿನ ಸಾಲಿನಲ್ಲಿ ಕಳಚಿದ ಚಪ್ಪಲಿಯಂತೆ, ಬಿದ್ದದ್ದೂ ತಿಳಿಯದ ಹಾಗೆ ಬಿದ್ದುಹೋಗಿದ್ದವು.

“ಉಪ್ಪು ನೋಡ್ದೆ ಅತ್ತೆ.”

“ಸರಿ ಐತಾ?”

“ಸರಿ ಐತೆ. ಉಣ್ಣಿ.”

ವರಲಕ್ಷ್ಮಮ್ಮ ಉಣ್ಣತೊಡಗಿದರು. ಮಂಗಳಾ ಏಳಲು ಹೊರಟವಳು ಏಳಲಿಲ್ಲ. ಯಾರೂ ಕೇಳದಿದ್ದರೂ ಅವಳ ಬಾಯಿ ತಾನಾಗಿ ತೆರೆದುಕೊಂಡಿತ್ತು. ಮಗು ಅಜ್ಜಿಯ ತೊಡೆಯ ಮೇಲಿಂದ ಬಗ್ಗಿ ಅದರೊಳಗೆ ಇಣುಕಿ ನೋಡಿ, “ನುಂಗವ್ಳೆ ಅಜ್ಜಿ” ಎಂದಿತು.